ಗುಜರಿಯಿಂದ ತಂದ ಮೈಕ್ರೋವ್ಯಾಕ್ಸ್ 2: ಕರೆಂಟ್ ಕೊಡುವ ಮೊದಲು ಏನು ನೋಡಬೇಕು? ಮೆಮೊರಿ ಬೋರ್ಡ್ ಎಲ್ಲಿ ಸಿಗುತ್ತದೆ?

ಸಾಗರ_ಯುಪಿಎಸ್:

ಎಲ್ಲರಿಗೂ ನಮಸ್ಕಾರ.

ನಾನು ಸಾಗರದಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಹತ್ತೊಂಬತ್ತು ವರ್ಷ ಆಯಿತು. ಸೋಲ್ಡರಿಂಗ್, ಮೀಟರ್, ಆಸಿಲೋಸ್ಕೋಪ್ ಎಲ್ಲ ದಿನದ ಕೆಲಸ. ಆದರೆ ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿರುವ ಮೈಕ್ರೋವ್ಯಾಕ್ಸ್ 2, ಅಂದರೆ 1980ರ ದಶಕದ ಡಿಜಿಟಲ್ ಕಂಪನಿಯ ಕಂಪ್ಯೂಟರ್, ನನಗೆ ಪೂರ್ತಿ ಹೊಸದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವಾರ ಹಳೆಯ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಶಿವಮೊಗ್ಗದ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಯಾವುದೋ ಕಾಲೇಜಿನ ಹರಾಜಿನ ಮಾಲು ಬಂದು ಬಿದ್ದಿತ್ತು. ಮಾನಿಟರ್, ಪ್ರಿಂಟರ್, ಮುರಿದ ಕುರ್ಚಿ. ಅದರ ಮಧ್ಯೆ ಒಂದು ಭಾರದ ಪೆಟ್ಟಿಗೆ. ಮುಂದೆ ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ, ‘ಡಿಜಿಟಲ್’ ಅಂತ. ಪಕ್ಕದಲ್ಲಿ ಒಬ್ಬ ಹುಡುಗ ಗೋಣಿಚೀಲದ ಮೇಲೆ ಕೂತು ತಗಡಿನ ಕತ್ತರಿಯಲ್ಲಿ ಬೋರ್ಡ್ ಕತ್ತರಿಸುತ್ತಿದ್ದ. ಅಂಚಿನಲ್ಲಿ ಚಿನ್ನದ ಲೇಪ ಇರುವ ಪಟ್ಟಿ ಇರುತ್ತದಲ್ಲ, ಅದನ್ನು ಮಾತ್ರ ಕತ್ತರಿಸಿ ಒಂದು ಐಸ್‌ಕ್ರೀಂ ಡಬ್ಬಿಗೆ ಹಾಕುತ್ತಿದ್ದ. ಉಳಿದ ಬೋರ್ಡ್ ಹಸಿರು ರಾಶಿಗೆ. ಎರಡು ಬೋರ್ಡ್ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ನಾನು ‘ನಿಲ್ಲಿಸಪ್ಪಾ’ ಅಂದುಬಿಟ್ಟೆ. ಯಾಕೆ ಅಂದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಅಷ್ಟು ಅಚ್ಚುಕಟ್ಟಾದ ಬೋರ್ಡ್ ನಾನು ನೋಡಿರಲಿಲ್ಲ. ಸಾಲು ಸಾಲಾಗಿ ಒಂದೇ ಕಡೆ ಮುಖ ಮಾಡಿದ ಚಿಪ್‌ಗಳು, ಒಂದೂ ಓರೆ ಇಲ್ಲ.

ಕೆಜಿ ಲೆಕ್ಕದಲ್ಲೇ ಕೊಟ್ಟರು. ಪೆಟ್ಟಿಗೆ ಮೂವತ್ತು ಕೆಜಿ ಮೇಲಿದೆ. ಕತ್ತರಿಸಿದ ಎರಡು ಬೋರ್ಡ್‌ಗಳನ್ನೂ ಕೇಳಿ ತಂದೆ.

ಬಿಚ್ಚಿದಾಗ ಕಂಡದ್ದು ಇಷ್ಟು. ಹಿಂದಿನ ಫ್ಯಾನ್ ಜಾಲರಿಯಲ್ಲಿ ಕಣಜದ ಮಣ್ಣಿನ ಗೂಡು. ಒಳಗೆ ಹಲ್ಲಿ ಮೊಟ್ಟೆಯ ಒಣ ಚಿಪ್ಪು ಐದಾರು. ಹಿಂಬದಿ ಪ್ಯಾನೆಲ್‌ನ ಒಳಗಡೆ ಒಂದು ಸಣ್ಣ ಬ್ಯಾಟರಿ ಪ್ಯಾಕ್, ಅದರ ಸುತ್ತ ಹಸಿರು ಪುಡಿ. ಬೋರ್ಡ್‌ಗಳ ಹಿಡಿ ಮೇಲೆ ನಂಬರ್ ಇದೆ. ಸರಿ ಇರುವುದು: ಎಂ7606, ಎಂ7608, ಎಂ7516, ಎಂ7555, ಎಂ3104. ಕತ್ತರಿ ಬಿದ್ದದ್ದು: ಇನ್ನೊಂದು ಎಂ7608 ಮತ್ತು ಒಂದು ಎಂ7546. ಜೊತೆಗೆ ಇಟ್ಟಿಗೆ ಥರದ ಒಂದು ಹಾರ್ಡ್ ಡಿಸ್ಕ್, ಮೇಲೆ ಆರ್‌ಡಿ53 ಅಂತ ಚೀಟಿ. ಒಂದು ಟೇಪ್ ಡ್ರೈವ್ ಕೂಡ ಇದೆ.

ನನ್ನ ಪ್ರಶ್ನೆ ಮೂರು. ಸೀದಾ 230 ವೋಲ್ಟ್ ಕೊಡಬಹುದಾ? ಕತ್ತರಿಸಿದ ಮೆಮೊರಿ ಬೋರ್ಡ್‌ಗೆ ಬದಲಿ ಎಲ್ಲಿ ಸಿಗುತ್ತದೆ? ಆ ಡಿಸ್ಕ್‌ನಲ್ಲಿ ಇರುವುದನ್ನು ಉಳಿಸಲು ಆಗುತ್ತದಾ? ಇಲ್ಲಿ ಮಳೆ ಹಿಡಿದಿದೆ. ಕೋಣೆಯಲ್ಲಿ ಬಲ್ಬ್ ಉರಿಸಿಟ್ಟು ಬೆಚ್ಚಗೆ ಇಟ್ಟಿದ್ದೇನೆ. ಇನ್ನೂ ಸ್ವಿಚ್ ಮುಟ್ಟಿಲ್ಲ.

ವಾಲ್ವ್_ಹುಬ್ಬಳ್ಳಿ:

ಸ್ವಿಚ್ ಮುಟ್ಟಿಲ್ಲ ಅಂದ್ರಲ್ಲ, ಅದೇ ದೊಡ್ಡದು ನೋಡ್ರಿ. ನಾನು ವಾಲ್ವ್ ರೇಡಿಯೊ ರಿಪೇರಿ ಮಾಡುವವನು, ಕಂಪ್ಯೂಟರ್ ನನ್ನ ಕ್ಷೇತ್ರ ಅಲ್ಲ. ಆದರೂ ನಮ್ಮಲ್ಲಿ ನಡೆಯುವ ಪದ್ಧತಿ ಹೇಳುತ್ತೇನೆ. ಸರಣಿಯಲ್ಲಿ ಒಂದು 100 ವ್ಯಾಟ್ ಬಲ್ಬ್ ಹಾಕಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದರೆ ಇನ್ನೂ ಒಳ್ಳೆಯದು. 40 ವೋಲ್ಟ್‌ನಿಂದ ಶುರು ಮಾಡಿ ಎರಡು ದಿನದಲ್ಲಿ ನಿಧಾನಕ್ಕೆ ಏರಿಸಿ. ಹಳೆಯ ಕೆಪಾಸಿಟರ್‌ಗಳು ಮತ್ತೆ ಜೀವ ಹಿಡಿಯುತ್ತವೆ. ಬೋರ್ಡ್ ಅಂಚು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ.

ಕ್ಯೂಬಸ್_1986:

ಸಾಗರದವರೇ, ಆ ಪೆಟ್ಟಿಗೆಯನ್ನು ಮನೆಗೆ ತಂದಿರಲ್ಲ, ತುಂಬಾ ಸಂತೋಷ ಆಯಿತು. ನಾನು 1986ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಸೆಂಟರ್‌ಗೆ ಮೇಂಟೆನೆನ್ಸ್ ಎಂಜಿನಿಯರ್ ಆಗಿ ಸೇರಿದವಳು. ಅಲ್ಲಿ ನಾನು ಮೊದಲು ಬಿಚ್ಚಿ ಜೋಡಿಸಿದ್ದು ಇದೇ ಯಂತ್ರ. ನಮ್ಮ ಎರಡೂ ಮೈಕ್ರೋವ್ಯಾಕ್ಸ್‌ಗಳು ನಾನು ರಜೆಯಲ್ಲಿದ್ದ ವಾರದಲ್ಲಿ ತೂಕಕ್ಕೆ ಹೋದವು. ವಾಪಸ್ ಬಂದಾಗ ನೆಲದ ಮೇಲೆ ಪೆಟ್ಟಿಗೆ ಇದ್ದ ಜಾಗದ ಗುರುತು ಮಾತ್ರ ಇತ್ತು. ನೀವು ಬರೆದ ಐಸ್‌ಕ್ರೀಂ ಡಬ್ಬಿ ಓದಿ ಅದೇ ನೆನಪಾಯಿತು.

ಹುಬ್ಬಳ್ಳಿಯವರ ಸಲಹೆ ರೇಡಿಯೊಗೆ ಸರಿ. ಇಲ್ಲಿ ಎರಡು ಕಡೆ ಬದಲಾಗಬೇಕು. ಇದರ ಪವರ್ ಸಪ್ಲೈ ಎಸ್‌ಎಂಪಿಎಸ್, ಅಂದರೆ ಟ್ರಾನ್ಸಿಸ್ಟರ್ ವೇಗವಾಗಿ ಆನ್-ಆಫ್ ಆಗಿ ವೋಲ್ಟೇಜ್ ಕೊಡುವ ಬಗೆಯದು. ವೇರಿಯಾಕ್‌ನಲ್ಲಿ 40, 60 ವೋಲ್ಟ್ ಕೊಡುತ್ತಾ ಹೋದರೆ ಅದು ಏಳುವುದೇ ಇಲ್ಲ. ಅರ್ಧ ಎದ್ದರಂತೂ ಕಡಿಮೆ ವೋಲ್ಟೇಜ್‌ನಲ್ಲಿ ಜಾಸ್ತಿ ಕರೆಂಟ್ ಎಳೆದು ಸ್ವಿಚಿಂಗ್ ಟ್ರಾನ್ಸಿಸ್ಟರ್‌ಗೆ ತೊಂದರೆ. ಯುಪಿಎಸ್ ಕೆಲಸದವರು ನೀವು, ನಿಮಗೆ ಇದು ಗೊತ್ತಿರುತ್ತದೆ. ಇನ್ನು ರಬ್ಬರ್ ಬೇಡವೇ ಬೇಡ. ಅಂಚಿನ ಚಿನ್ನದ ಲೇಪ ತೀರಾ ತೆಳು, ಉಜ್ಜಿದರೆ ಕೆಳಗಿನ ಲೋಹ ಎದ್ದುಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಬಟ್ಟೆ, ಅಷ್ಟೇ ಸಾಕು.

ಪವರ್ ಸಪ್ಲೈ ಹೊರಗೆ ತೆಗೆಯಿರಿ. ನಿಮ್ಮದು ಬಿಎ23 ಪೆಟ್ಟಿಗೆ, ಅದರೊಳಗಿನದು ಎಚ್7864. 230 ವ್ಯಾಟ್‌ನದು. 5 ವೋಲ್ಟ್‌ಗೆ 36 ಆಂಪಿಯರ್, 12 ವೋಲ್ಟ್‌ಗೆ 7 ಆಂಪಿಯರ್ ತನಕ ಕೊಡುತ್ತದೆ. ಮೊದಲ ಕೆಲಸ, ಹಿಂದಿನ ವೋಲ್ಟೇಜ್ ಸ್ವಿಚ್ 230ರಲ್ಲಿದೆಯಾ ನೋಡಿ. 115ರಲ್ಲಿ ಬಿಟ್ಟು ಪ್ಲಗ್ ಹಾಕಿದರೆ ಅಲ್ಲಿಗೆ ಕಥೆ ಮುಗಿಯಿತು. ಆಮೇಲೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಇಎಸ್‌ಆರ್ (ಒಳಗಿನ ರೋಧ) ಅಳೆಯಿರಿ. ಮೇನ್ಸ್ ಫಿಲ್ಟರ್ ಹತ್ತಿರ ಹಳದಿ ಪಾರದರ್ಶಕ ಮೈ ಇರುವ ಕಾಗದದ ಕೆಪಾಸಿಟರ್ ಕಂಡರೆ, ಅದರ ಮೈಯಲ್ಲಿ ಸಣ್ಣ ಬಿರುಕು ಇದ್ದರೆ, ಯೋಚನೆಯೇ ಮಾಡಬೇಡಿ, ಬದಲಿಸಿ. ಆ ಕಾಲದ ಬಹಳಷ್ಟು ಯಂತ್ರಗಳಲ್ಲಿ ಇವು ತೇವ ಎಳೆದುಕೊಂಡು, ಕರೆಂಟ್ ಕೊಟ್ಟ ಐದು ಹತ್ತು ನಿಮಿಷಕ್ಕೆ ದಟ್ಟ ಹೊಗೆ ಬಿಟ್ಟು ಸಿಡಿಯುತ್ತವೆ. ನಿಮ್ಮ ಮಲೆನಾಡಿನ ಗಾಳಿಯಲ್ಲಿ ಇನ್ನೂ ಬೇಗ. ಎಕ್ಸ್2 ದರ್ಜೆಯ 275 ವೋಲ್ಟ್ ಎಸಿ ಫಿಲ್ಮ್ ಕೆಪಾಸಿಟರ್ ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಲೋಡ್ ಇಲ್ಲದೆ ಆನ್ ಮಾಡಬೇಡಿ. 5 ವೋಲ್ಟ್‌ಗೆ 1 ಓಮ್, 50 ವ್ಯಾಟ್‌ನ ರೆಸಿಸ್ಟರ್ ಒಂದನ್ನು ತಗಡಿಗೆ ಬಿಗಿದು ಹಾಕಿ. 5 ಆಂಪಿಯರ್ ಎಳೆಯುತ್ತದೆ. 12 ವೋಲ್ಟ್‌ಗೆ ಬೈಕಿನ ಹೆಡ್‌ಲೈಟ್ ಬಲ್ಬ್ ಸಾಕು. ಹುಬ್ಬಳ್ಳಿಯವರು ಹೇಳಿದ ಸರಣಿ ಬಲ್ಬ್ ಇಲ್ಲಿ ಬಳಸಿ, ಪೂರ್ತಿ 230ಕ್ಕೆ. ಶಾರ್ಟ್ ಇಲ್ಲ ಅಂತ ಖಾತ್ರಿ ಆದ ಮೇಲೆ ಬಲ್ಬ್ ತೆಗೆದು ಸೀದಾ ಕೊಡಿ. 5.1 ವೋಲ್ಟ್ ಆಸುಪಾಸು ನಿಂತು ಅರ್ಧ ಗಂಟೆ ಅಲ್ಲಾಡದಿದ್ದರೆ, ಸ್ಕೋಪ್‌ನಲ್ಲಿ ರಿಪಲ್ (ವೋಲ್ಟೇಜ್‌ನ ಏರಿಳಿತ) ಕಡಿಮೆ ಇದ್ದರೆ, ಸಪ್ಲೈ ಸರಿ.

ಹಸಿರು ಪುಡಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯದು. ಗಡಿಯಾರ ನಡೆಸಲು ಇಟ್ಟದ್ದು. ಇವತ್ತೇ ತೆಗೆದುಹಾಕಿ. ಸೋರಿದ್ದು ಕ್ಷಾರ, ಹಾಗಾಗಿ ಮೊದಲು ವಿನೆಗರ್‌ನಲ್ಲಿ ಅದ್ದಿದ ಬ್ರಷ್, ಆಮೇಲೆ ನೀರು, ಆಮೇಲೆ ಆಲ್ಕೋಹಾಲ್. ಅಲ್ಲಿಂದ ಹೊರಡುವ ರಿಬ್ಬನ್ ಕೇಬಲ್‌ನ ಪಿನ್‌ಗಳನ್ನೂ ನೋಡಿ, ಕ್ಷಾರ ತಂತಿಯೊಳಗೆ ಹರಿಯುತ್ತದೆ. ಹೊಸ ಬ್ಯಾಟರಿ ಈಗಲೇ ಹಾಕಬೇಡಿ. ಅದಿಲ್ಲದೆಯೂ ಯಂತ್ರ ಏಳುತ್ತದೆ, ತಾರೀಕು ಮಾತ್ರ ಕೇಳುತ್ತದೆ.

ಈಗ ನಿಮ್ಮ ಬೋರ್ಡ್‌ಗಳು. ಎಂ7606 ಸಿಪಿಯು. ಅದರಲ್ಲಿ 78032 ಅನ್ನುವ ಚಿಪ್ ಇದೆ ನೋಡಿ, 1985ರದು. 1977ರಲ್ಲಿ ಬಂದ ವ್ಯಾಕ್ಸ್-11/780 ಅನ್ನುವ ಬೀರುಗಾತ್ರದ ಯಂತ್ರ ಮಾಡುತ್ತಿದ್ದ ಕೆಲಸವನ್ನು ಹತ್ತಿರ ಹತ್ತಿರ ಅದೇ ವೇಗದಲ್ಲಿ ಆ ಒಂದು ಚಿಪ್ ಮಾಡುತ್ತದೆ. 1,25,000 ಟ್ರಾನ್ಸಿಸ್ಟರ್. ಅದಕ್ಕೆ ಬದಲಿ ಸಿಗುವುದು ಕಷ್ಟ, ಹಾಗಾಗಿ ಮುಟ್ಟುವಾಗ ಕೈಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ. ಎಂ7608 ಮೆಮೊರಿ, ಎಂ7516 ನೆಟ್‌ವರ್ಕ್, ಎಂ7555 ಡಿಸ್ಕ್ ಕಂಟ್ರೋಲರ್, ಎಂ3104 ಎಂಟು ಟರ್ಮಿನಲ್ (ಪರದೆ, ಕೀಬೋರ್ಡ್ ಇರುವ ಘಟಕ) ಜೋಡಿಸುವ ಬೋರ್ಡ್. ಕತ್ತರಿ ಬಿದ್ದ ಎಂ7546 ಟೇಪಿನದು. ಟೇಪ್ ಸದ್ಯಕ್ಕೆ ಮರೆತುಬಿಡಿ.

ಸಿಪಿಯು ಬೋರ್ಡ್ ಮೇಲೇ 1 ಎಂಬಿ ಮೆಮೊರಿ ಇದೆ. ಹಾಗಾಗಿ ಸಿಪಿಯು ಒಂದನ್ನೇ ಹಾಕಿ ಶುರು ಮಾಡಿ. ಹಿಂದಿನ ಪ್ಯಾನೆಲ್‌ನಲ್ಲಿ ಒಂದೇ ಅಂಕಿ ತೋರಿಸುವ ಕೆಂಪು ಎಲ್‌ಇಡಿ ಇದೆ. ಎಫ್‌ನಿಂದ ಶುರುವಾಗಿ ಇ, ಡಿ, ಸಿ ಅಂತ ಇಳಿಯುತ್ತಾ ಬರುತ್ತದೆ. ಎಫ್‌ನಲ್ಲೇ ನಿಂತರೆ ಪವರ್ ಸಪ್ಲೈ ಇನ್ನೂ ‘ಡಿಸಿ ಓಕೆ’ ಹೇಳಿಲ್ಲ ಅಂತ ಅರ್ಥ. 7 ಅಥವಾ 6ರಲ್ಲಿ ನಿಂತರೆ ಮೆಮೊರಿ. ಹಾಲ್ಟ್ ಸ್ವಿಚ್ ಎನೇಬಲ್ ಕಡೆ ಇಡಿ. ತಿರುಗಿಸುವ ಗುಂಡಿಯಲ್ಲಿ ಬಾಣ, ಮುಖ ಇತ್ಯಾದಿ ಚಿತ್ರ ಇರುತ್ತವೆ, ಬಾಣಕ್ಕೆ ಇಡಿ. ಕನ್ಸೋಲ್‌ಗೆ, ಅಂದರೆ ಯಂತ್ರದ ಜೊತೆ ಮಾತಾಡಲು ಲ್ಯಾಪ್‌ಟಾಪ್ ಜೋಡಿಸುವ ಸೀರಿಯಲ್ ಪೋರ್ಟ್‌ಗೆ, ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ. ಅಲ್ಲಿರುವುದು ಒಂಬತ್ತು ಪಿನ್ ಕನೆಕ್ಟರ್, ಆದರೆ ಪಿಸಿಯ ಜೋಡಣೆ ಅಂತ ನಂಬಬೇಡಿ. ಹಳೆಯ ಕಂಪ್ಯೂಟರ್ ದಾಖಲೆಗಳ ಬಿಟ್‌ಸೇವರ್ಸ್ ತಾಣದಲ್ಲಿ ಈ ಸಿಪಿಯು ಬೋರ್ಡಿನ, ಅಂದರೆ ಕೆಎ630ರ, ಮ್ಯಾನುಯಲ್ ಇದೆ, ನೋಡಿ ತಂತಿ ಹಾಕಿ. ಯುಎಸ್‌ಬಿ ಅಡಾಪ್ಟರ್ ನಿಜವಾದ ಆರ್‌ಎಸ್-232 ಆಗಿರಲಿ. 3.3 ವೋಲ್ಟ್‌ನ ಅಗ್ಗದ್ದನ್ನು ಹಾಕಿದರೆ ಸುಟ್ಟುಹೋಗುತ್ತದೆ. ಎಲ್ಲ ಸರಿ ಇದ್ದರೆ ಪರದೆ ಮೇಲೆ 7..6..5..4..3.. ಅಂತ ಬಂದು ಕೊನೆಗೆ >>> ನಿಲ್ಲುತ್ತದೆ. ಆ ಮೂರು ಬಾಣ ಕಂಡ ದಿನ ಇಲ್ಲಿ ಬರೆಯಿರಿ.

ಇನ್ನೊಂದು ಮಾತು. ಇದರಲ್ಲಿ ಎಷ್ಟೋ ಜನ ವಾರಗಟ್ಟಲೆ ಒದ್ದಾಡುತ್ತಾರೆ. ಕತ್ತರಿಸಿದ ಮೆಮೊರಿ ಬೋರ್ಡ್ ಮೂರನೆಯ ಸ್ಲಾಟ್‌ನಲ್ಲಿತ್ತು ಅನಿಸುತ್ತದೆ. ಆ ಸ್ಲಾಟ್ ಖಾಲಿ ಬಿಟ್ಟು ಮುಂದಿನ ಸ್ಲಾಟ್‌ಗಳಲ್ಲಿ ಬೋರ್ಡ್ ಹಾಕಿದರೆ, ನೆಟ್‌ವರ್ಕ್ ಬೋರ್ಡ್ ಸತ್ತಂತೆ ಕಾಣುತ್ತದೆ, ಡಿಸ್ಕ್ ಸತ್ತಂತೆ ಕಾಣುತ್ತದೆ. ಸತ್ತಿರುವುದಿಲ್ಲ. ಕ್ಯೂಬಸ್‌ನಲ್ಲಿ, ಅಂದರೆ ಈ ಬೋರ್ಡ್‌ಗಳನ್ನೆಲ್ಲ ಜೋಡಿಸುವ ಸಂಪರ್ಕ ಸಾಲಿನಲ್ಲಿ, ಅನುಮತಿಯ ಸಂಕೇತ ಒಂದು ಬೋರ್ಡಿನ ಒಳಗಿಂದ ಹಾದು ಮುಂದಿನದಕ್ಕೆ ಹೋಗುತ್ತದೆ, ಸಾಲಿನಲ್ಲಿ ಕೊಡ ಕೈ ಬದಲಾಯಿಸಿದ ಹಾಗೆ. ಮಧ್ಯೆ ಒಬ್ಬರು ಇಲ್ಲದಿದ್ದರೆ ಕೊಡ ಅಲ್ಲೇ ನಿಲ್ಲುತ್ತದೆ. ಒಂದೋ ಬೋರ್ಡ್‌ಗಳನ್ನು ಮುಂದಕ್ಕೆ ಸರಿಸಿ, ಇಲ್ಲಾ ಖಾಲಿ ಜಾಗಕ್ಕೆ ಆ ಸಂಕೇತ ದಾಟಿಸುವ ಗ್ರಾಂಟ್ ಕಾರ್ಡ್ ಹಾಕಿ. ಅದನ್ನು ದುಡ್ಡು ಕೊಟ್ಟು ವಿದೇಶದಿಂದ ತರಿಸಬೇಡಿ. ಎಎಂ2 ಪಿನ್‌ನಿಂದ ಎಎನ್2ಗೆ ಒಂದು ಗೆರೆ, ಎಆರ್2ರಿಂದ ಎಎಸ್2ಗೆ ಒಂದು ಗೆರೆ. ಅಷ್ಟೇ ಅದರೊಳಗಿರುವುದು. 1.6 ಮಿಲಿಮೀಟರ್ ಪಿಸಿಬಿಯಲ್ಲಿ ನೀವೇ ಮಾಡಿಸಬಹುದು.

ಇನ್ನು ಡಿಸ್ಕ್. ಕೈಮುಗಿದು ಕೇಳುತ್ತೇನೆ, ಸುಮ್ನೆ ಪ್ಲಗ್ ಹಾಕಿ ನೋಡೋಣ ಅನ್ನಬೇಡಿ. ಆರ್‌ಡಿ53 ಅಂದರೆ ಮೈಕ್ರೊಪೊಲಿಸ್ 1325. 71 ಎಂಬಿ. ಅದರೊಳಗೆ ಹೆಡ್‌ಗಳ ತೋಳು ಬಂದು ಒರಗುವ ಜಾಗದಲ್ಲಿ ಒಂದು ಚಿಕ್ಕ ರಬ್ಬರ್ ತುಂಡಿದೆ. ಈಗ ಆ ರಬ್ಬರ್ ಕರಗಿ ಹಲಸಿನ ಅಂಟಿನ ಹಾಗಾಗಿರುತ್ತದೆ. ತೋಳು ಅಂಟಿಕೊಂಡಿರುತ್ತದೆ. ಡಿಸ್ಕ್ ತಿರುಗುತ್ತದೆ, ಹೆಡ್ ಅಲ್ಲಾಡುವುದಿಲ್ಲ. ಬಿಡಿಸುವ ದಾರಿ ಇದೆ. ಫ್ಯಾನ್ ಆಫ್ ಮಾಡಿದ ಕೋಣೆ, ಒದ್ದೆ ಬಟ್ಟೆಯಲ್ಲಿ ಒರೆಸಿದ ನೆಲ, ದೂಳು ಕೂರಲು ಒಂದು ಗಂಟೆ ಬಿಡಿ. ಮುಚ್ಚಳ ತೆಗೆದು, ಪ್ಲಾಟರ್ (ತಿರುಗುವ ತಟ್ಟೆ) ಮುಟ್ಟದೆ, ತೋಳನ್ನು ಮೆಲ್ಲಗೆ ಬಿಡಿಸಿ. ರಬ್ಬರ್ ಮೇಲೆ ಕ್ಯಾಪ್ಟಾನ್ ಟೇಪಿನ (ಶಾಖ ತಡೆಯುವ ತೆಳು ಟೇಪ್) ಒಂದು ಸಣ್ಣ ಚೂರು ಸುತ್ತಿ. ಮುಚ್ಚಿ. ಆಮೇಲೆ ಮೊದಲ ಸಲ ತಿರುಗಿದಾಗಲೇ ಪೂರ್ತಿ ಓದಿಕೊಂಡುಬಿಡಬೇಕು. ಎರಡನೆಯ ಸಲ ತಿರುಗುತ್ತದೆ ಅಂತ ಯಾರೂ ಹೇಳಲಾರರು.

ಓದಲು ಬೀಗಲ್‌ಬೋನ್ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕೂರುವ ಎಂಎಫ್‌ಎಂ (ಇಂಥ ಹಳೆಯ ಡಿಸ್ಕ್‌ಗಳ ಬಗೆ) ಎಮ್ಯುಲೇಟರ್ ಬೋರ್ಡ್ ಬಳಸಿ. ಡಿಸ್ಕಿನಿಂದ ಓದಿ ಫೈಲ್ ಮಾಡಿಕೊಡುತ್ತದೆ. ಆಮೇಲೆ ಅದೇ ಬೋರ್ಡ್ ಡಿಸ್ಕಿನ ವೇಷ ಹಾಕಿ ಆ 34 ಪಿನ್, 20 ಪಿನ್ ಕೇಬಲ್‌ಗಳಿಗೆ ಕೂರುತ್ತದೆ. ಎಂ7555ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮೆಮೊರಿ ಬೋರ್ಡ್ ಎಸ್.ಪಿ. ರೋಡ್‌ನಲ್ಲಿ ಹುಡುಕಿ ಕಾಲು ಸವೆಸಬೇಡಿ. ಅಲ್ಲಿ 74 ಸರಣಿಯ ಐಸಿ, ಕೆಪಾಸಿಟರ್, ಫ್ಯಾನ್ ಎಲ್ಲ ಸಿಗುತ್ತವೆ. ಈ ಬೋರ್ಡ್ ಸಿಗುವುದಿಲ್ಲ. ಅದಕ್ಕೆ ಹೊರದೇಶದವರೇ ಯಾರಾದರೂ ಸಹಾಯ ಮಾಡಬೇಕು. ಕತ್ತರಿಸಿದ ಬೋರ್ಡ್ ಎಸೆಯಬೇಡಿ. ಅದರ ಮೇಲಿನ ಚಿಪ್‌ಗಳು ಮುಂದೆ ಇನ್ನೊಂದು ಬೋರ್ಡ್‌ಗೆ ಬೇಕಾಗುತ್ತವೆ.

ಅಸಬೆಟ್:

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಮೂಲತಃ ತೀರ್ಥಹಳ್ಳಿಯವನು, ಈಗ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೇನಾರ್ಡ್ ಊರು ಸಿಗುತ್ತದೆ. ಅಸಬೆಟ್ ನದಿ ದಡದಲ್ಲಿ ಹಳೆಯ ಉಣ್ಣೆ ಗಿರಣಿ, ಮೇಲೆ ಗಡಿಯಾರದ ಗೋಪುರ. ಡಿಜಿಟಲ್ ಕಂಪನಿ 1957ರಲ್ಲಿ ಶುರುವಾದದ್ದು ಆ ಗಿರಣಿಯಲ್ಲೇ. 1998ರಲ್ಲಿ ಕಂಪ್ಯಾಕ್ ಕೊಂಡಿತು, 2002ರಲ್ಲಿ ಕಂಪ್ಯಾಕ್ ಎಚ್‌ಪಿಗೆ ಹೋಯಿತು. ಹೆಸರು ಹೋದರೂ ಇಲ್ಲಿ ಸುತ್ತಮುತ್ತಲ ಮನೆಗಳ ನೆಲಮಾಳಿಗೆಯಲ್ಲಿ ಇನ್ನೂ ಬೋರ್ಡ್‌ಗಳಿವೆ. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಮನೆ ಖಾಲಿ ಮಾಡುವಾಗ ಹೊರಬರುತ್ತವೆ.

ಭಾಗಗಳು ಸಿಗುವ ಜಾಗ ಹೇಳುತ್ತೇನೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ತಿಂಗಳ ಮೂರನೆಯ ಭಾನುವಾರ ಕೇಂಬ್ರಿಡ್ಜ್‌ನಲ್ಲಿ ಎಂಐಟಿಯ ಸ್ವಾಪ್‌ಫೆಸ್ಟ್ ನಡೆಯುತ್ತದೆ. ಕಾರಿನ ಡಿಕ್ಕಿ ತೆಗೆದು ಮಾಲು ಹರಡಿ ಕೂರುತ್ತಾರೆ, ನಮ್ಮ ಸಂತೆ ಥರ. ಬೆಳಗ್ಗೆ ಬೇಗ ಹೋಗಬೇಕು. ನ್ಯೂಜೆರ್ಸಿಯಲ್ಲಿ ವಿಂಟೇಜ್ ಕಂಪ್ಯೂಟರ್ ಉತ್ಸವ ಆಗುತ್ತದೆ, ಅಲ್ಲೂ ಸಿಗುತ್ತವೆ. ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವುದಾದರೆ ಬೋರ್ಡಿನ ಎರಡೂ ಮುಖದ ಫೋಟೊ, ಅಂಚಿನ ಹತ್ತಿರದ ಫೋಟೊ ಕೇಳಿ ಪಡೆಯಿರಿ. ನಾನೊಮ್ಮೆ ಕೇಳದೆ ಕೊಂಡು ಕೆಟ್ಟೆ. ಮಾರಿದವರು ಬೋರ್ಡನ್ನು ಬರೀ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಿದ್ದರು, ಆಂಟಿಸ್ಟ್ಯಾಟಿಕ್ ಚೀಲ ಇಲ್ಲ. ಅರ್ಧ ಚಿಪ್‌ಗಳು ಸತ್ತಿದ್ದವು, ಒಂದು ಮೂಲೆ ಮುರಿದಿತ್ತು. ಇನ್ನೊಂದು ವಿಷಯ. ಡಿಸ್ಕ್ ಹುಡುಕುವುದಾದರೆ ಆರ್‌ಡಿ53 ಅಂತಲೇ ಹುಡುಕಬೇಡಿ, ಅದಕ್ಕೆ ಬೆಲೆ ಜಾಸ್ತಿ. ಮಾಮೂಲು ಮೈಕ್ರೊಪೊಲಿಸ್ 1325 ಕೊಂಡು, ಅದರ ಬೋರ್ಡಿನಲ್ಲಿ ಆರ್7 ಅನ್ನುವ ಜಾಗಕ್ಕೆ ಒಂದು ಜಂಪರ್ ಹಾಕಿದರೆ ಅದೇ ಆರ್‌ಡಿ53.

ನನ್ನ ಹತ್ತಿರ ಎಂ7609 ಒಂದು ಇದೆ. 8 ಎಂಬಿ. ನನ್ನ ಯಂತ್ರದಲ್ಲಿ 16 ತುಂಬಿದೆ, ಅದಕ್ಕಿಂತ ಜಾಸ್ತಿ ಅದು ಒಪ್ಪುವುದಿಲ್ಲ. ಹಾಗಾಗಿ ಇದು ಸುಮ್ಮನೆ ಕಪಾಟಿನಲ್ಲಿದೆ. ದುಡ್ಡು ಬೇಡ. ನಮ್ಮ ಅತ್ತೆ ಗಣೇಶನ ಹಬ್ಬಕ್ಕೆ ಮುಂಚೆ ಊರಿಗೆ ಬರುತ್ತಾರೆ, ಕೈಚೀಲದಲ್ಲಿ ಕೊಟ್ಟು ಕಳಿಸುತ್ತೇನೆ. ತೀರ್ಥಹಳ್ಳಿಗೆ ಬಂದು ತೆಗೆದುಕೊಂಡು ಹೋಗಬೇಕು, ಊಟ ಮಾಡದೆ ಅವರು ಬಿಡುವುದಿಲ್ಲ.

ಸಾಗರ_ಯುಪಿಎಸ್:

ಎರಡೂವರೆ ತಿಂಗಳು ಆಯಿತು. ಮೇಡಂ, ಮೂರು ಬಾಣ ಬಂತು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಪವರ್ ಸಪ್ಲೈನಲ್ಲಿ ಮೂರು ಎಲೆಕ್ಟ್ರೋಲಿಟಿಕ್ ಬದಲಿಸಿದೆ. ಹಳದಿ ಕೆಪಾಸಿಟರ್ ಒಂದಿತ್ತು, ಉಗುರು ತಾಗಿಸಿದರೆ ಸಿಪ್ಪೆ ಎದ್ದು ಬಂತು. ಮೊದಲ ಸಲ ಸಿಪಿಯು ಹಾಕಿದಾಗ ಎಲ್‌ಇಡಿ ಎಫ್‌ನಲ್ಲೇ ನಿಂತಿತು. ಎರಡು ದಿನ ತಲೆ ಕೆಡಿಸಿಕೊಂಡೆ. ವೋಲ್ಟೇಜ್ ಎಲ್ಲ ಸರಿ, ಆದರೂ ಮುಂದಿನ ಡಿಸಿ ಓಕೆ ದೀಪ ಉರಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಕನೆಕ್ಟರ್‌ನಲ್ಲಿ. ಡಿಸಿ ಓಕೆ ಸಂಕೇತ ಹೋಗುವ ಪಿನ್ ಒಳಗೆ ಹಲ್ಲಿ ಮೊಟ್ಟೆಯ ಅಂಟು ಒಣಗಿ ಕೂತಿತ್ತು. ಹೊರಗಿನಿಂದ ಏನೂ ಕಾಣುವುದಿಲ್ಲ. ದರ್ಜಿಯವರ ಸೂಜಿಯ ತುದಿಗೆ ಹತ್ತಿ ಸುತ್ತಿ ಆಲ್ಕೋಹಾಲ್‌ನಲ್ಲಿ ತೊಳೆದೆ. ಸ್ವಿಚ್ ಹಾಕಿದೆ. ಎಫ್, ಇ, ಡಿ, ಸರಸರ ಇಳಿಯಿತು. ಲ್ಯಾಪ್‌ಟಾಪ್ ಪರದೆ ಮೇಲೆ 7..6..5..4..3.. ಬಂತು. ರಾತ್ರಿ ಹನ್ನೊಂದೂವರೆ. ಹೊರಗೆ ಜೋರು ಮಳೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ನೆಟ್‌ವರ್ಕ್ ಬೋರ್ಡ್ ಕಾಣದೇ ಹೋದದ್ದು ಮೇಡಂ ಹೇಳಿದ ಹಾಗೇ, ಮೂರನೆಯ ಸ್ಲಾಟ್ ಖಾಲಿ. ಗ್ರಾಂಟ್ ಕಾರ್ಡ್ ಮಾಡಿಸಿದೆ. ಐದು ಮಾಡಿಸಿದ್ದೇನೆ, ನಾಲ್ಕು ಉಳಿದಿವೆ. ಬೇಕಾದವರು ಹೇಳಿ, ಅಂಚೆಯಲ್ಲಿ ಕಳಿಸುತ್ತೇನೆ.

ಡಿಸ್ಕ್ ಬಗ್ಗೆ ಹೇಳಲೇಬೇಕು. ಎಮ್ಯುಲೇಟರ್ ಬೋರ್ಡ್ ಬಂದು, ಅದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳುವ ತನಕ ಮುಚ್ಚಳ ತೆಗೆಯಲಿಲ್ಲ. ಒಂದು ಭಾನುವಾರ ಬೆಳಗ್ಗೆ ಅಂಗಡಿ ಬಾಗಿಲು ಹಾಕಿ, ನೆಲ ಒರೆಸಿ ಕೂತೆ. ಒಳಗೆ ಪ್ಲಾಟರ್‌ಗಳು ಕನ್ನಡಿ ಥರ ಹೊಳೆಯುತ್ತಿದ್ದವು, ನನ್ನ ಮುಖವೇ ಕಂಡಿತು. ರಬ್ಬರ್ ತುಂಡು ಕಡಲೆಕಾಳಿಗಿಂತ ದೊಡ್ಡದಿಲ್ಲ. ಕಪ್ಪಗೆ ಮೆತ್ತಗಾಗಿತ್ತು. ತೋಳನ್ನು ಒಂದು ಮರದ ಕಡ್ಡಿಯಿಂದ ಹಿಂದಕ್ಕೆ ಒತ್ತಿದೆ. ಬರಲಿಲ್ಲ. ಇನ್ನೊಂದು ಚೂರು ಒತ್ತಿದೆ. ಕಪ್ಪು ಅಂಟು ದಾರದ ಹಾಗೆ ಎಳೆಯಾಗಿ ಉದ್ದವಾಯಿತು, ಆಮೇಲೆ ಪಟ್ ಅಂತ ಬಿಟ್ಟಿತು. ಟೇಪ್ ಸುತ್ತಿ ಮುಚ್ಚಿದೆ. ಕರೆಂಟ್ ಕೊಟ್ಟಾಗ ಗಿರಣಿ ಶುರುವಾದ ಹಾಗೆ ಸದ್ದು ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತಿತು. ಆಮೇಲೆ ಹೆಡ್ ಸರಿಯುವ ಟಕ್ ಸದ್ದು.

1,024 ಸಿಲಿಂಡರ್, 8 ಹೆಡ್, 17 ಸೆಕ್ಟರ್. ಒಟ್ಟು 1,39,264 ಸೆಕ್ಟರ್. ಓದಲು ಆಗದೇ ಉಳಿದದ್ದು ಹನ್ನೊಂದು. ಡಿಸ್ಕ್ ಆಫ್ ಮಾಡಿ ಎತ್ತಿಟ್ಟಿದ್ದೇನೆ, ಮತ್ತೆ ತಿರುಗಿಸಿಲ್ಲ.

ಈಗ ಎಮ್ಯುಲೇಟರ್‌ನಿಂದ ಬೂಟ್ ಆಗುತ್ತಿದೆ. ಡಿಜಿಟಲ್‌ನವರ ಆಪರೇಟಿಂಗ್ ಸಿಸ್ಟಂ, ವಿಎಂಎಸ್ 4.7. ತಾರೀಕು ಕೇಳಿತು, ಟೈಪ್ ಮಾಡಿದೆ. ಆಮೇಲೆ ಯೂಸರ್‌ನೇಮ್ ಕೇಳಿ ನಿಂತಿದೆ. ಪಾಸ್‌ವರ್ಡ್ ಯಾರಿಗೆ ಗೊತ್ತು? ಇಲ್ಲಿಂದ ಮುಂದೆ ಹೇಗೆ? ನೆಟ್‌ಬಿಎಸ್‌ಡಿ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದು ಸುಲಭ ಅಂತ ಎಲ್ಲೋ ಓದಿದೆ. ಆದರೆ ಇದರಲ್ಲೇ ಇದ್ದದ್ದನ್ನು ನೋಡಬೇಕು ಅಂತ ಆಸೆ.

ತೀರ್ಥಹಳ್ಳಿಗೆ ಹೋಗಿ ಬೋರ್ಡ್ ತಂದೆ. ಹೋಳಿಗೆ ಊಟ ಆಯಿತು. ಅತ್ತೆಯವರು ಬೋರ್ಡನ್ನು ಸೀರೆಗಳ ಮಧ್ಯೆ ಇಟ್ಟು ತಂದಿದ್ದರು, ಚೀಲದ ಸಮೇತ. ಹಾಕಿದ ತಕ್ಷಣ ಯಂತ್ರ ಗುರುತು ಹಿಡಿಯಿತು. ಅಸಬೆಟ್ ಅವರೇ, ಈ ಉಪಕಾರ ಮರೆಯುವುದಿಲ್ಲ.

ಕ್ಯೂಬಸ್_1986:

ಓದಿ ಕಣ್ಣು ತುಂಬಿ ಬಂತು. ಹನ್ನೊಂದು ಸೆಕ್ಟರ್ ಬಿಟ್ಟು ಪೂರ್ತಿ!

ಪಾಸ್‌ವರ್ಡ್ ದೊಡ್ಡ ವಿಷಯ ಅಲ್ಲ, ಯಂತ್ರ ನಿಮ್ಮ ಎದುರಿಗೇ ಇದೆ. ಮೊದಲು ಡಿಸ್ಕಿನಿಂದ ಓದಿದ ಇಮೇಜ್ ಫೈಲ್‌ನ ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. ಕೆಲಸವನ್ನು ಒಂದು ಪ್ರತಿಯ ಮೇಲೆ ಮಾಡಿ. ಹಾಲ್ಟ್ ಒತ್ತಿ >>> ಬಂದಾಗ ಬಿ, ಓರೆಗೆರೆ, 1, ಒಂದು ಜಾಗ ಬಿಟ್ಟು ಡಿಯುಎ0 (ಡಿಸ್ಕಿನ ಹೆಸರು) ಅಂತ ಕೊಡಿ. ಸಿಸ್‌ಬೂಟ್ ಅಂತ ನಿಲ್ಲುತ್ತದೆ. ಅಲ್ಲಿ ಸ್ಟಾರ್ಟಪ್ ಅನ್ನು ಓಪಿಎ0 ಕನ್ಸೋಲ್‌ಗೆ ತಿರುಗಿಸಿ ಮುಂದುವರಿಸಿದರೆ, ಯಾರು ಅಂತ ಕೇಳದೆ ಒಳಗೆ ಬಿಡುತ್ತದೆ. ಅಲ್ಲಿಂದ ಆಥರೈಜ್ ಅನ್ನುವ ಪ್ರೋಗ್ರಾಂನಲ್ಲಿ ಸಿಸ್ಟಂ ಖಾತೆಗೆ ಹೊಸ ಪಾಸ್‌ವರ್ಡ್ ಕೊಡಿ. ಪೂರ್ತಿ ಕಮಾಂಡ್‌ಗಳನ್ನು ಹೆಜ್ಜೆ ಹೆಜ್ಜೆಯಾಗಿ ನಿಮಗೆ ಮೆಸೇಜ್ ಮಾಡುತ್ತೇನೆ. ಮೊದಲು ಲ್ಯಾಪ್‌ಟಾಪ್‌ನಲ್ಲಿ ಸಿಮ್‌ಎಚ್ (ಹಳೆಯ ಯಂತ್ರಗಳನ್ನು ಅನುಕರಿಸುವ ಪ್ರೋಗ್ರಾಂ) ಹಾಕಿ ಇದೇ ಇಮೇಜ್ ಮೇಲೆ ಒಮ್ಮೆ ಅಭ್ಯಾಸ ಮಾಡಿ. ಅದರಲ್ಲಿ ಮೈಕ್ರೋವ್ಯಾಕ್ಸ್ 2 ಕೂಡ ಇದೆ.

ನಿಮ್ಮದು 4.7 ಆಗಿರುವುದು ಒಳ್ಳೆಯದಾಯಿತು. ಲೈಸೆನ್ಸ್ ಕೀ ಕೇಳುವ ಪದ್ಧತಿ 5.0ರಿಂದ ಬಂದದ್ದು. ಹವ್ಯಾಸಿಗಳಿಗೆ ವ್ಯಾಕ್ಸ್ ಲೈಸೆನ್ಸ್ ಉಚಿತವಾಗಿ ಕೊಡುತ್ತಿದ್ದರು, ಈಗ ಅದೂ ನಿಂತಿದೆ. ಹಾಗಾಗಿ ಹೊಸ ಆವೃತ್ತಿಗೆ ಏರಿಸಲು ಹೋಗಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ. ನೆಟ್‌ಬಿಎಸ್‌ಡಿ ನೋಡಬೇಕು ಅನಿಸಿದರೆ ಡಿಸ್ಕ್ ಮುಟ್ಟದೆ ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಬಹುದು. ಇನ್ನೊಂದು ಲಿನಕ್ಸ್ ಯಂತ್ರದಲ್ಲಿ ಮಾಪ್‌ಡಿ (ನೆಟ್‌ವರ್ಕ್ ಮೂಲಕ ಬೂಟ್ ಫೈಲ್ ಕಳಿಸುವ ಪ್ರೋಗ್ರಾಂ) ಓಡಿಸಿ, ಡಿಯುಎ0 ಬದಲು ನೆಟ್‌ವರ್ಕ್ ಬೋರ್ಡಿನ ಹೆಸರು ಎಕ್ಸ್‌ಕ್ಯೂಎ0 ಕೊಟ್ಟು ಶುರು ಮಾಡಬೇಕು.

ಒಳಗೆ ಹೋದ ಮೇಲೆ ಫೈಲ್‌ಗಳ ಪಟ್ಟಿ ನೋಡಿ. ಫೋರ್ಟ್ರಾನ್ ಕಂಪೈಲರ್ ಇದ್ದರೆ ತಿಳಿಸಿ. ವಿದ್ಯಾರ್ಥಿಗಳ ಹೆಸರು, ಅಂಕ ಇರುವ ಫೈಲ್ ಸಿಕ್ಕಿದರೆ ಎಲ್ಲೂ ಹಾಕಬೇಡಿ, ನಿಮ್ಮಲ್ಲೇ ಇರಲಿ.

ನನ್ನ ಹತ್ತಿರ ಎಂ3104ರ ಹಿಂಬದಿ ಪ್ಯಾನೆಲ್ ಜೋಡಿ ಮತ್ತು ಅದರ ಎರಡು ಕೇಬಲ್ ಇವೆ. ಆಗ ಒಂದು ಡ್ರಾಯರ್‌ನಲ್ಲಿ ಉಳಿದದ್ದು. ಅದಿದ್ದರೆ ಎಂಟು ಟರ್ಮಿನಲ್ ಜೋಡಿಸಬಹುದು. ವಿಳಾಸ ಮೆಸೇಜ್ ಮಾಡಿ, ಸೋಮವಾರ ಕಳಿಸುತ್ತೇನೆ. ನಿಮ್ಮ ಗ್ರಾಂಟ್ ಕಾರ್ಡ್ ಒಂದು ನನಗೂ ಇರಲಿ.

ವಾಲ್ವ್_ಹುಬ್ಬಳ್ಳಿ:

ರಬ್ಬರ್ ಉಜ್ಜುವುದನ್ನು ನಾನೂ ಬಿಟ್ಟೆ ಮೇಡಂ. ಸಾಗರದವರೇ, ಇಲ್ಲಿ ಗುಜರಿಯಲ್ಲಿ ಒಂದು ಹಳೆಯ ಟರ್ಮಿನಲ್ ನೋಡಿ ಬಂದೆ. ಕೀಬೋರ್ಡ್ ಸಮೇತ, ಹಿಂದೆ ವಿಟಿ220 ಅಂತ ಬರೆದಿದೆ. ಗಾಜು ಒಡೆದಿಲ್ಲ. ನಾಳೆ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ಹಿಡಿದಿಡುತ್ತೇನೆ. ನಿಮಗೆ ಬೇಕಲ್ವಾ?

ಸಾಗರ_ಯುಪಿಎಸ್:

ಬೇಕು! ದಯವಿಟ್ಟು ಕತ್ತರಿ ಬೀಳುವ ಮೊದಲು ಹಿಡಿಯಿರಿ. ದುಡ್ಡು ಈಗಲೇ ಕಳಿಸುತ್ತೇನೆ. ಭಾನುವಾರ ನಾನೇ ಗಾಡಿ ತೆಗೆದುಕೊಂಡು ಹುಬ್ಬಳ್ಳಿಗೆ ಬರುತ್ತೇನೆ.